ಟೋಕನ್ ಮೇಲಿನ ಹೆಸರು ಯಾರದು?

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯ ಹಳೇ ಮನೆಗಳ ಮಾಡಿನಿಂದ ಒಂದು ಹಂಚು ತೆಗೆದು ಮಗುಚಿ ನೋಡಿ. ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಕಾರ್ಖಾನೆಯ ಹಂಚಿಗೂ ಆ ಅಚ್ಚೇ ಗುರುತು. ಮಾಲು ಯಾರದೆಂದು ಕೊಳ್ಳುವವರಿಗೆ ತಪ್ಪು ತಿಳಿಯಬಾರದು ಎಂಬುದಕ್ಕಾಗಿಯೇ ಟ್ರೇಡ್‌ಮಾರ್ಕ್ ಕಾನೂನು ಇರುವುದು. ಮಾಲು ಕೈಗೇ ಸಿಗದ ಎನ್‌ಎಫ್‌ಟಿ ಆದರೆ?

ಎನ್‌ಎಫ್‌ಟಿ ಎಂದರೆ ಬ್ಲಾಕ್‌ಚೈನ್ ಎಂಬ ಡಿಜಿಟಲ್ ಖಾತೆಯಲ್ಲಿ ಬರೆದ, ಅದರಂಥದ್ದು ಇನ್ನೊಂದಿಲ್ಲದ ನಮೂದು; ಈ ನಮೂದನ್ನೇ ಟೋಕನ್ ಎನ್ನುವುದು. ಸಾಮಾನ್ಯವಾಗಿ ಒಂದು ಚಿತ್ರಕ್ಕೋ ವಿಡಿಯೊಗೋ ಅದು ಜೋಡಿಸಿರುತ್ತದೆ. ಟೋಕನ್ ಯಾವ ವಾಲೆಟ್‌ನಲ್ಲಿ, ಅಂದರೆ ಯಾರ ಡಿಜಿಟಲ್ ಕೈಚೀಲದಲ್ಲಿ ಇದೆ, ಯಾವಾಗ ಕೈ ಬದಲಾಯಿಸಿತು ಎಂಬುದಕ್ಕೆ ಆ ಖಾತೆ ಗಟ್ಟಿ ಸಾಕ್ಷಿ. ಆದರೆ ಅದಕ್ಕೆ ಇಟ್ಟ ಹೆಸರನ್ನು ಬಳಸುವ ಹಕ್ಕು ಮಾಡಿದವರಿಗೆ ಇತ್ತೇ? ಅದನ್ನು ಖಾತೆ ಹೇಳುವುದಿಲ್ಲ. ಜನ ಎಡವುವುದು ಇಲ್ಲೇ.

ಅಮೆರಿಕದ ಮೇಸನ್ ರಾತ್‌ಚೈಲ್ಡ್ 2021ರಲ್ಲಿ, ಫ್ರಾನ್ಸಿನ ಎರ್ಮೆಸ್ ಕಂಪನಿಯ ದುಬಾರಿ ಬರ್ಕಿನ್ ಕೈಚೀಲವನ್ನು ಹೋಲುವ, ತುಪ್ಪಳ ಹೊದ್ದ 100 ಚಿತ್ರಗಳನ್ನು ‘ಮೆಟಾಬರ್ಕಿನ್ಸ್’ ಹೆಸರಿನಲ್ಲಿ ಟೋಕನ್ ಮಾಡಿ ಮಾರಿದರು. ಇದು ಕಲೆ ಎಂಬುದು ಅವರ ವಾದ. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜ್ಯೂರಿ ಅದನ್ನು ಒಪ್ಪಲಿಲ್ಲ, 1,33,000 ಡಾಲರ್ ಪರಿಹಾರ ಕೊಡಬೇಕೆಂದಿತು. ‘ಬೋರ್ಡ್ ಏಪ್’ ವಾನರ ಚಿತ್ರಗಳ ವ್ಯಾಜ್ಯದಲ್ಲಿ 2025ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಟ್ರೇಡ್‌ಮಾರ್ಕ್ ಕಾನೂನಿನ ಕಣ್ಣಿಗೆ ಎನ್‌ಎಫ್‌ಟಿಯೂ ಸರಕೇ ಎಂದಿತು. ಗ್ರಾಹಕರು ಗೊಂದಲಕ್ಕೆ ಬೀಳುವ ಸಂಭವ ಇತ್ತು ಎಂಬುದನ್ನು ಮಾತ್ರ ವಿಚಾರಣೆಯಲ್ಲಿ ಸಾಬೀತು ಮಾಡಬೇಕು. ನನ್ನ ಮಟ್ಟಿಗೆ ಈ ಎರಡನೇ ತೀರ್ಪಿನ ತೂಕವೇ ಹೆಚ್ಚು.

ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಎನ್‌ಎಫ್‌ಟಿಯ ಹೆಸರೇ ಇಲ್ಲ. ಹಾಗೆಂದು ಅದರ ಕೈ ಕಟ್ಟಿಲ್ಲ. ಉಡುಪಿಯ ಒಂದು ಹೊಟೇಲನ್ನೇ ತೆಗೆದುಕೊಳ್ಳಿ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿರುತ್ತಾರೆ. ಹೊಟೇಲಿನ ಹೆಸರು 43ನೇ ವರ್ಗದಲ್ಲಿ, ಅಂದರೆ ಊಟೋಪಚಾರದ ಸೇವೆಗೆ, ನೋಂದಣಿಯಾಗಿರುತ್ತದೆ. ಎನ್‌ಎಫ್‌ಟಿಯಿಂದ ದೃಢೀಕರಿಸಿದ ಡಿಜಿಟಲ್ ಫೈಲ್ ಬರುವುದು 9ನೇ ವರ್ಗಕ್ಕೆ. ಯಾರೋ ಆ ಹೆಸರಲ್ಲಿ ಟೋಕನ್ ಮಾರಿದರೆ, ಇಡ್ಲಿಗೂ ಟೋಕನ್‌ಗೂ ಏನು ಸಂಬಂಧ ಎಂದು ಕೇಳಿಯಾರು. ಆಗ ಹೊಟೇಲಿನವರು 29ನೇ ಕಲಮಿನ ನಾಲ್ಕನೇ ಉಪಕಲಮು ಹಿಡಿದು, ದೇಶದಲ್ಲಿ ತಮ್ಮ ಹೆಸರಿಗೆ ಖ್ಯಾತಿ ಇದೆಯೆಂದೂ, ಎದುರಾಳಿ ಅದರ ಅನುಚಿತ ಲಾಭ ಪಡೆದರೆಂದೋ ಹೆಸರಿಗೆ ಹಾನಿ ಮಾಡಿದರೆಂದೋ ತೋರಿಸಬೇಕು. ಸಣ್ಣ ಅಂಗಡಿಗೆ ಇದು ಭಾರವಾದ ಕೆಲಸ. ಡಿಜಿಟಲ್ ವ್ಯಾಪಾರಕ್ಕೆ ಇಳಿಯುವ ಇರಾದೆ ಇದ್ದರೆ 9ನೇ ವರ್ಗದಲ್ಲೂ ಅರ್ಜಿ ಹಾಕಿ. ಸಣ್ಣ ಉದ್ದಿಮೆಗೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ, ನೋಂದಣಿಯ ಅವಧಿ 10 ವರ್ಷ.

ನೋಂದಣಿ ಇಲ್ಲದ ಯಕ್ಷಗಾನ ಮೇಳ ಧೈರ್ಯಗೆಡಬೇಕಿಲ್ಲ. ವರ್ಷಾನುಗಟ್ಟಲೆ ಬಳಸಿ ಗಳಿಸಿದ ಹೆಸರಿನ ಸೋಗು ಹಾಕಿ ಮಾರುವವರ ಮೇಲೆ ‘ಪಾಸಿಂಗ್ ಆಫ್’ ದಾವೆ ಹೂಡಬಹುದು. ಕಲಾವಿದರ ಮುಖವನ್ನೇ ಟೋಕನ್ ಮಾಡಿದರೆ ಆ ಮಾತು ಬೇರೆ. 2023ರಲ್ಲಿ ಕ್ರಿಕೆಟಿಗರ ಡಿಜಿಟಲ್ ಕಾರ್ಡುಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ತಡೆಯಾಜ್ಞೆ ಕೊಡಲಿಲ್ಲ. ಎನ್‌ಎಫ್‌ಟಿ ತಂತ್ರಜ್ಞಾನ ಯಾರೊಬ್ಬರ ಸ್ವತ್ತೂ ಅಲ್ಲ, ಆಟಗಾರರ ಬಗ್ಗೆ ಸಾರ್ವಜನಿಕವಾಗಿ ಸಿಗುವ ಮಾಹಿತಿಯನ್ನು ಬಳಸಬಹುದು ಎಂಬ ನಿಲುವು ಅದರದು. ವೇಷಧಾರಿಗಳ ವಿಷಯದಲ್ಲಿ ಇದು ನನಗೆ ನಿಜಕ್ಕೂ ಆತಂಕ ತರುತ್ತದೆ.

ಕೋರ್ಟು ಆದೇಶಿಸಿದರೂ ಬ್ಲಾಕ್‌ಚೈನ್‌ನಲ್ಲಿ ಬರೆದದ್ದನ್ನು ಅಳಿಸುವುದು ಕಷ್ಟ. ಮಾರಾಟದ ತಾಣದಿಂದ ಅದನ್ನು ತೆಗೆಸಬಹುದು ಅಷ್ಟೇ. ಹಾಗಾಗಿ ನಕಲಿ ಕಂಡ ಕೂಡಲೇ ಪುಟದ ಚಿತ್ರ, ವಾಲೆಟ್ ವಿಳಾಸ, ವಹಿವಾಟಿನ ಸಂಖ್ಯೆ ತೆಗೆದಿಟ್ಟುಕೊಂಡು ತಾಣಕ್ಕೆ ದೂರು ಕೊಡಿ. ಜೊತೆಗೆ ನಿಮ್ಮ ಹಳೇ ಬಿಲ್ಲುಗಳು, ಮೇಳದ ಕರಪತ್ರಗಳು, ಜಾಹೀರಾತುಗಳು ಇರಲಿ. ಹೆಸರನ್ನು ಮೊದಲು ಬಳಸಿದವರು ನೀವೇ ಎನ್ನುವುದಕ್ಕೆ ಕೋರ್ಟು ಕೇಳುವುದು ಅವನ್ನೇ.