ಮೂಗಿನ ಹಿಂದೆ ಅಡಗುವ ಕ್ಯಾನ್ಸರ್

ಕೇಳುಗರಿಗೆ ನಮಸ್ಕಾರ.

ನೆಗಡಿಯಾದಾಗ ಕಿವಿ ಮುಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತು. ನೆಗಡಿ ಹೋದರೆ ಕಿವಿಯೂ ಬಿಟ್ಟುಕೊಳ್ಳುತ್ತದೆ. ಆದರೆ ನೆಗಡಿಯೇ ಇಲ್ಲದೆ, ದೊಡ್ಡವರಿಗೆ ಒಂದೇ ಕಿವಿ ವಾರಗಟ್ಟಲೆ ಹಾಗೇ ಇದ್ದರೆ? ಹೆಚ್ಚಿನವರು ಫೋನನ್ನು ಇನ್ನೊಂದು ಕಿವಿಗೆ ಹಿಡಿದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಇದ್ದುಬಿಡಬೇಡಿ.

ಮೂಗು ಹಿಂದಕ್ಕೆ ಹೋಗಿ ಗಂಟಲನ್ನು ಸೇರುವ ಜಾಗವೊಂದಿದೆ. ಕಿರುನಾಲಿಗೆಗಿಂತ ಮೇಲೆ. ಬಾಯಿ ಎಷ್ಟು ಅಗಲಿಸಿದರೂ ಕನ್ನಡಿಯಲ್ಲಿ ಕಾಣುವುದಿಲ್ಲ. ಡಾಕ್ಟರು ಇದನ್ನು ನೇಸೋಫ್ಯಾರಿಂಕ್ಸ್ ಅನ್ನುತ್ತಾರೆ. ಎರಡೂ ಕಿವಿಗಳಿಂದ ಬರುವ ಸಣ್ಣ ಕೊಳವೆಗಳು ಇಲ್ಲಿಗೇ ಬಂದು ತೆರೆದುಕೊಳ್ಳುತ್ತವೆ. ಇಲ್ಲಿನ ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಹುಟ್ಟುವುದೂ ಆ ಕೊಳವೆಯ ಬಾಯಿಯ ಪಕ್ಕದಲ್ಲೇ. ಗಡ್ಡೆ ಕೊಳವೆಯನ್ನು ಒತ್ತಿದರೆ ಕಿವಿಯೊಳಗೆ ಗಾಳಿಯಾಡುವುದಿಲ್ಲ. ಕಿವಿಯ ತಮಟೆಯ ಹಿಂದೆ ನೀರು ತುಂಬುತ್ತದೆ. ಆ ಕಿವಿ ಮಂದವಾಗುತ್ತದೆ, ಕೆಲವರಿಗೆ ಗುಂಯ್ ಅನ್ನುತ್ತದೆ. ನೋವು ಇರಲೇಬೇಕೆಂದಿಲ್ಲ.

ಬಹಳ ಜನ ಡಾಕ್ಟರ ಹತ್ತಿರ ಹೋಗುವುದು ಕುತ್ತಿಗೆಯಲ್ಲಿ ಗಂಟು ಸಿಕ್ಕ ಮೇಲೆ. ಕಿವಿಯ ಕೆಳಗೆ, ದವಡೆಯ ಹಿಂಬದಿ, ಗಡ್ಡ ಬೋಳಿಸುವಾಗಲೋ ತಲೆ ಬಾಚುವಾಗಲೋ ಕೈಗೆ ತಾಗುತ್ತದೆ. ಗಟ್ಟಿಯಾಗಿರುತ್ತದೆ, ಒತ್ತಿದರೆ ನೋಯುವುದಿಲ್ಲ. "ನೋವಿಲ್ಲವಲ್ಲ, ಬಿಡಿ" ಎನ್ನುವ ಮಾತು ಕೇಳಿದರೆ ನನಗೆ ಜಾಸ್ತಿ ಭಯವಾಗುತ್ತದೆ. ಕ್ಯಾನ್ಸರ್ ಆಗಲೇ ಅಲ್ಲಿಗೆ ಹರಡಿರಬಹುದು.

ಮೂಗಿನ ಒಂದೇ ಹೊಳ್ಳೆ ಬಿಡದೆ ಕಟ್ಟಿಕೊಳ್ಳುವುದು, ಬೆಳಿಗ್ಗೆ ಕ್ಯಾಕರಿಸಿ ಉಗಿದಾಗ ಕಫದಲ್ಲಿ ರಕ್ತದ ಸಣ್ಣ ಎಳೆ ಕಾಣುವುದು, ಇವನ್ನೂ ಗಮನಿಸಿ. ವಸ್ತುಗಳು ಎರಡೆರಡಾಗಿ ಕಾಣುವುದು, ಮುಖದ ಒಂದು ಪಕ್ಕ ಜೋಮು ಹಿಡಿಯುವುದು ಕಾಯಿಲೆ ನರಗಳವರೆಗೆ ಹೋದಾಗ. ಅಷ್ಟು ಕಾಯಬಾರದು.

ಈ ಕ್ಯಾನ್ಸರ್ ದಕ್ಷಿಣ ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಜಾಸ್ತಿ, ಉಳಿದ ಹೆಚ್ಚಿನ ಕಡೆ ಅಪರೂಪ. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ಪಾತ್ರವೂ ಇದೆ. ಆ ವೈರಸ್ ಬಹುತೇಕ ಎಲ್ಲರ ಮೈಯಲ್ಲೂ ಇರುತ್ತದೆ, ಅದೊಂದಕ್ಕೇ ಹೆದರಬೇಕಿಲ್ಲ. ಮನೆಯಲ್ಲಿ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ ಮಾತ್ರ ಇನ್ನಷ್ಟು ಎಚ್ಚರ ಬೇಕು.

ಹಾಂಗ್‌ಕಾಂಗ್‌ನಲ್ಲಿ ಯಾವ ತೊಂದರೆಯೂ ಇಲ್ಲದ ಸುಮಾರು 20,000 ಗಂಡಸರ ರಕ್ತದಲ್ಲಿ, ಗಡ್ಡೆಯಿಂದ ಬಂದು ಸೇರುವ ಈ ವೈರಸ್ಸಿನ ಡಿಎನ್‌ಎ ಇದೆಯೇ ಎಂದು ಹುಡುಕಿದರು. 34 ಜನರಲ್ಲಿ ಕ್ಯಾನ್ಸರ್ ಪತ್ತೆಯಾಯಿತು, ಹೆಚ್ಚಿನವರಲ್ಲಿ ಅದಿನ್ನೂ ಆರಂಭದ ಹಂತದಲ್ಲಿತ್ತು. ಈ ವರದಿ ಬಂದದ್ದು 2017ರಲ್ಲಿ. ಬೇಗ ಸಿಕ್ಕರೆ ವಿಕಿರಣ ಚಿಕಿತ್ಸೆಗೆ ಈ ಗಡ್ಡೆ ಚೆನ್ನಾಗಿ ಕರಗುತ್ತದೆ. ಮೊದಲ ಹಂತದಲ್ಲೇ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ ಸುಮಾರು 90 ಜನ 5 ವರ್ಷ ದಾಟುತ್ತಾರೆ.

ವಸ್ತುಗಳು ಎರಡೆರಡಾಗಿ ಕಂಡರೆ, ಮುಖ ಜೋಮು ಹಿಡಿದರೆ ತಡಮಾಡದೆ, ಮೇಲೆ ಹೇಳಿದ ಉಳಿದದ್ದು ಯಾವುದಾದರೂ ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರನ್ನು ಕಾಣಿ. ಯಾವ ಪಕ್ಕ, ಯಾವಾಗಿನಿಂದ ಎಂದು ಹೇಳಿ. ಅವರು ಮೂಗಿನೊಳಕ್ಕೆ ಎಂಡೋಸ್ಕೋಪ್, ಅಂದರೆ ಒಳಗೆ ನೋಡುವ ತೆಳ್ಳಗಿನ ಕೊಳವೆ, ಇಳಿಸಿ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ಅನುಮಾನ ಬಂದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕೆಲವೊಮ್ಮೆ ಗಡ್ಡೆ ಒಳಪೊರೆಯ ಅಡಿಯಲ್ಲೇ ಇದ್ದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ, ಆದರೂ ತೊಂದರೆ ಹೋಗಿಲ್ಲ ಅಂದರೆ ಮತ್ತೆ ಹೋಗಿ, ಎಂಆರ್‌ಐ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿ.

ನಮಸ್ಕಾರ.