ಇವತ್ತಿನ ಸಂಬಳ ಒಂದು, ರಿಟರ್ನಿನ ಮೊತ್ತ ಇನ್ನೊಂದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮ ಹುಡುಗರು, ಹುಡುಗಿಯರು ಊರಿಗೆ ಹೋಗಿ ಮದುವೆಯಾಗಿ ಬರುತ್ತಾರೆ. ಆಮೇಲೆ ಗಂಡನಿಗೋ ಹೆಂಡತಿಗೋ ಗ್ರೀನ್ ಕಾರ್ಡ್ ಮಾಡಿಸಬೇಕು. ಆಗ ತುಂಬಬೇಕಾದ ಒಂದು ಫಾರ್ಮ್ ಐ-864. 'ಇವರನ್ನು ನಾನು ನೋಡಿಕೊಳ್ಳುತ್ತೇನೆ, ಸರ್ಕಾರಕ್ಕೆ ಹೊರೆ ಆಗಲು ಬಿಡುವುದಿಲ್ಲ' ಎಂದು ನೀವು ಬರೆದುಕೊಡುವ ಮುಚ್ಚಳಿಕೆ ಅದು. ಟ್ಯಾಕ್ಸ್ ಲೆಕ್ಕ ಮಾಡುವುದು ನನ್ನ ಕೆಲಸ. ಈ ಫಾರ್ಮ್ ಹಿಡಿದುಕೊಂಡು ಬಂದವರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಎಡವಿರುತ್ತಾರೆ. ಇವತ್ತು ಅದೊಂದನ್ನೇ ಹೇಳುತ್ತೇನೆ.

ಫಾರ್ಮ್ ಎರಡು ಮೊತ್ತ ಕೇಳುತ್ತದೆ. ಒಂದು, ಈಗ ನಿಮ್ಮ ವರ್ಷದ ಆದಾಯ ಎಷ್ಟು? ಎರಡು, ಹಿಂದಿನ ಟ್ಯಾಕ್ಸ್ ರಿಟರ್ನಿನಲ್ಲಿ ಒಟ್ಟು ಆದಾಯ ಎಷ್ಟಿತ್ತು? ಮೊದಲನೆಯದು ಇವತ್ತಿನ ಮಾತು, ಎರಡನೆಯದು ಹೋದ ವರ್ಷದ ಮಾತು. ಎರಡೂ ಒಂದೇ ಆಗಿರಬೇಕು ಎಂದು ಯಾರೂ ಹೇಳಿಲ್ಲ!

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹಾಸನದ ಕಡೆಯವನು, ಇಲ್ಲಿನ ಪೌರ. ಓದುತ್ತಾ ಅರ್ಧ ದಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಆ ವರ್ಷದ ರಿಟರ್ನಿನಲ್ಲಿ ಇದ್ದದ್ದು 19,000 ಡಾಲರ್. ಓದು ಮುಗಿಯಿತು, ಒಳ್ಳೆಯ ಕೆಲಸ ಸಿಕ್ಕಿತು. ಸಂಬಳ ವರ್ಷಕ್ಕೆ 58,000. ಅಷ್ಟರಲ್ಲಿ ಮದುವೆಯೂ ಆಯಿತು. ಫಾರ್ಮ್ ತುಂಬಲು ಕೂತವನು ಎರಡೂ ಕಡೆ 19,000 ಎಂದೇ ಬರೆದ. 'ಸರ್ಕಾರದ ಹತ್ತಿರ ಆ ರಿಟರ್ನ್ ಇದೆ, ಬೇರೆ ಬರೆದರೆ ಸುಳ್ಳು ಹೇಳಿದ ಹಾಗಲ್ವಾ?' ಅನ್ನುವ ಭಯ ಅವನಿಗೆ.

19,000 ಸಾಲುವುದಿಲ್ಲ. ಬಡತನದ ರೇಖೆಯ ಶೇಕಡಾ 125ರಷ್ಟು ಆದಾಯ ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ಸುಮಾರು 26,400 ಡಾಲರ್. ಕಡಿಮೆ ಬಿತ್ತು ಎಂದು ಗಾಬರಿಯಾಗಿ, ಬೆಂಗಳೂರಿನಲ್ಲಿ ಟೀಚರ್ ಆಗಿದ್ದ ಹೆಂಡತಿಯ ಸಂಬಳವನ್ನು ಡಾಲರಿಗೆ ತಿರುಗಿಸಿ ಸೇರಿಸಿದ. ಆಕೆ ಕೆಲಸ ಬಿಟ್ಟು ಬರುವವಳು! ಇಲ್ಲಿಗೆ ಬಂದ ಮೇಲೂ ಅದೇ ಕಡೆಯಿಂದ ಬರುವ ಸಂಬಳ ಆಗಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಇನ್ನೂ ಧೈರ್ಯ ಸಾಲದೆ, ಜೊತೆಯಲ್ಲಿದ್ದ ಅಣ್ಣನ ಸಂಬಳವನ್ನೂ ಸೇರಿಸಿದ. ಅದಕ್ಕೆ ಅಣ್ಣ ಐ-864ಎ ಫಾರ್ಮಿಗೆ, ಅಂದರೆ ಜೊತೆಯಲ್ಲಿರುವವರು ತಮ್ಮ ಆದಾಯ ಸೇರಿಸಲು ಒಪ್ಪಿ ಬರೆದುಕೊಡುವ ಕಾಗದಕ್ಕೆ, ಸಹಿ ಹಾಕಬೇಕಿತ್ತು, ಹಾಕಿರಲಿಲ್ಲ. ಅಣ್ಣನ ಆದಾಯ ಸೇರಿದರೆ ಅಣ್ಣನೂ ಮನೆಯ ಲೆಕ್ಕಕ್ಕೆ ಸೇರುತ್ತಾನೆ. ಇಬ್ಬರ ಮನೆ ಮೂವರ ಮನೆ ಆಯಿತು. ಬೇಕಾದ ಮೊತ್ತ 33,000 ದಾಟಿತು.

ಇನ್ನಷ್ಟು ದಾಖಲೆ ಕೊಡಿ ಎಂದು ಕಾಗದ ಬಂತು. ತಿಂಗಳುಗಟ್ಟಲೆ ತಡ. ಹೊಸ ಮನೆಯಲ್ಲಿ ಒಟ್ಟಿಗೆ ಯುಗಾದಿ ಮಾಡೋಣ ಎಂದುಕೊಂಡಿದ್ದರು ಇಬ್ಬರೂ. ಅವಳು ಅಲ್ಲಿ ಒಬ್ಬಳೇ, ಇವನು ಇಲ್ಲಿ ಒಬ್ಬನೇ ಬೇವು ಬೆಲ್ಲ ತಿಂದರು. ನನ್ನ ಹತ್ತಿರ ಬಂದಾಗ ಆ ಹುಡುಗನ ಮುಖ ನೋಡಲು ಆಗಲಿಲ್ಲ. ನಾನು ಕೇಳಿದ್ದು ಒಂದೇ, 'ಈಗ ನಿನ್ನ ಸಂಬಳ ಎಷ್ಟಪ್ಪಾ?' '58,000 ಸಾರ್.' 'ಮತ್ತೆ ಅದನ್ನು ಯಾಕೆ ಬರೆಯಲಿಲ್ಲ?' ಅವನೊಬ್ಬನ ಸಂಬಳವೇ ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿ ಇತ್ತು. ಅಣ್ಣನೂ ಬೇಡ, ಬೆಂಗಳೂರಿನ ಸಂಬಳವೂ ಬೇಡ. ಹೊಸ ಫಾರ್ಮಿನಲ್ಲಿ ಇವತ್ತಿನ ಆದಾಯ 58,000, ರಿಟರ್ನಿನ ಆದಾಯ 19,000 ಎಂದು ಬರೆದೆವು. ಜೊತೆಗೆ ಸಂಬಳದ ಚೀಟಿಗಳು, ಅಂದರೆ ಇತ್ತೀಚಿನ ಪೇ ಸ್ಟಬ್‌ಗಳು, ಕಂಪನಿಯ ಪತ್ರ. ಕೆಲಸ ಆಯಿತು.

ರಿಟರ್ನಿನ ಮೊತ್ತವನ್ನು ಮಾತ್ರ ಇದ್ದ ಹಾಗೇ ಬರೆಯಿರಿ. ರಿಟರ್ನ್ ಅಂದರೆ ನೀವು ತುಂಬಿದ 1040 ಫಾರ್ಮ್. ಅದರ 9ನೇ ಸಾಲು, ಒಟ್ಟು ಆದಾಯ. ಕೆಳಗಿನ ಸಾಲುಗಳಲ್ಲಿ ಕಳೆದು ಉಳಿದ ಮೊತ್ತ ಇರುತ್ತದೆ, ಅದು ಬೇಡ. ಸುಮ್ನೆ ನೀವೇ ಕೂಡಿ ಕಳೆಯಲೂ ಹೋಗಬೇಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಆದಾಯ ನಿಜವಾಗಿಯೂ ಕಡಿಮೆ ಇದ್ದರೆ ಉಳಿತಾಯ ತೋರಿಸಬಹುದು. ನೀವು ಪೌರರಾಗಿದ್ದು ಗಂಡ ಅಥವಾ ಹೆಂಡತಿಯನ್ನು ಕರೆಸುತ್ತಿದ್ದರೆ, ಕೊರತೆಯ ಮೂರು ಪಟ್ಟು ಬೇಕು. 5,000 ಕಡಿಮೆ ಬಿದ್ದರೆ 15,000. ಅದೂ ಇಲ್ಲದಿದ್ದರೆ ಇನ್ನೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು, ಅಂದರೆ ನಿಮ್ಮ ಜೊತೆಗೆ ಅವರೂ ಇದೇ ಮುಚ್ಚಳಿಕೆ ಬರೆದುಕೊಡಬಹುದು. ಆದರೆ ಅವರನ್ನು ಸುಮ್ಮನೆ ಒಂದು ಸಹಿ ಎಂದು ಒಪ್ಪಿಸಬೇಡಿ. ಮದುವೆ ಮುರಿದರೂ ಈ ಮುಚ್ಚಳಿಕೆ ಮುರಿಯುವುದಿಲ್ಲ. ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ.

ಇವತ್ತು ರಾತ್ರಿ ಫಾರ್ಮ್ ತೆಗೆದು ಕೂರುವವರು ಎಡಗಡೆ ಪೇ ಸ್ಟಬ್ ಇಟ್ಟುಕೊಳ್ಳಿ, ಬಲಗಡೆ ರಿಟರ್ನ್ ಇಟ್ಟುಕೊಳ್ಳಿ. ಇವತ್ತಿನ ಆದಾಯ ಕೇಳಿದರೆ ಎಡಕ್ಕೆ ನೋಡಿ, ಹೋದ ವರ್ಷದ್ದು ಕೇಳಿದರೆ ಬಲಕ್ಕೆ ನೋಡಿ. ನಮಸ್ಕಾರ.