ಅಪ್ಪನ ಮಾರುತಿ 800ಕ್ಕೆ ಯಾವ ಗೇರ್ ಆಯಿಲ್?

ಈ ಸದ್ದು ಕೇಳಿದ್ರಾ? ಕರ್ರ್... ಇನ್ನೊಂದ್ಸಲ ಹಾಕ್ತೀನಿ, ಕೇಳಿ. ಹೋದ ಡಿಸೆಂಬರ್, ಬೆಳಿಗ್ಗೆ ಆರೂವರೆ, ಸಾಗರದ ಚಳಿ. ಗಾಡಿ ಅಪ್ಪಂದು, 1998ರ ಮಾರುತಿ 800, ನಾಲ್ಕು ಗೇರಿಂದು. ಗೇಟು ದಾಟಿ ಸೆಕೆಂಡಿಗೆ ಹಾಕಿದ್ರೆ ಸಾಕು, ಹಲ್ಲು ಕಡಿಯುತ್ತೆ. ಐದಾರು ಕಿಲೋಮೀಟರ್ ಓಡಿದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸುಮ್ಮನಾಗುತ್ತೆ. ಅಪ್ಪ ಇದಕ್ಕೆ ಇಟ್ಟ ಹೆಸರು ‘ಕ್ಲಚ್ ಪ್ರಾಬ್ಲಮ್ಮು’. ಕ್ಲಚ್ಚು ಪಾಪ, ಏನೂ ಮಾಡಿರಲಿಲ್ಲ.

ಎಡವಟ್ಟು ಶುರುವಾಗಿದ್ದು 140ರಿಂದ. ಗೇರ್ ಬಾಕ್ಸ್ ಗುಂಯ್ ಅಂತಿದೆ ಅಂತ ತೋರಿಸಿದಾಗ ಮೆಕ್ಯಾನಿಕ್ ಒಬ್ರು 140 ಆಯಿಲ್ ತುಂಬಿಸಿ ಕಳಿಸಿದ್ರು. ಈ ನಂಬರು ಆಯಿಲ್ ಎಷ್ಟು ದಪ್ಪ ಅನ್ನೋದು. ಸದ್ದು ನಿಜವಾಗ್ಲೂ ಕಮ್ಮಿ ಆಯ್ತು. ಸವೆದ ಹಲ್ಲುಗಳ ಮಧ್ಯೆ ದಪ್ಪ ಆಯಿಲ್ ಮೆತ್ತೆ ಹಾಕಿದ ಹಾಗೆ ಕೂತ್ಕೊಳ್ಳುತ್ತಲ್ಲ, ಹಾಗಾಗಿ. ಆದ್ರೆ ಈ ಎರಡು ಚಮಚ ನೋಡಿ, ರಾತ್ರಿಯೆಲ್ಲ ಜಗಲಿ ಮೇಲೆ ಇಟ್ಟಿದ್ದೆ. ಎಡಗಡೆದು 140. ಓರೆ ಮಾಡ್ತೀನಿ... ಜೋನಿ ಬೆಲ್ಲ! ಪಕ್ಕದಲ್ಲಿ ದೋಸೆ ಇಲ್ಲ ಅಷ್ಟೆ. ಬಲಗಡೆದು 75ಡಬ್ಲ್ಯು-90, ಅಂದ್ರೆ ಚಳಿಯಲ್ಲಿ 75ರ ಹಾಗೆ ತೆಳು, ಬಿಸಿಯಲ್ಲಿ 90. ಸ್ವಲ್ಪ ಬಾಗ್ಸಿದ್ದಕ್ಕೇ ಹರಿದು ಹೋಯ್ತು.

ಈಗ ಕೈಯಲ್ಲಿರೋದು ಸಿಂಕ್ರೋ ರಿಂಗು, ಗುಜರಿ ಡಬ್ಬದಿಂದ ಎತ್ಕೊಂಡು ಬಂದಿದ್ದು. ಹಿತ್ತಾಳೆದು. ಒಳಗಡೆ ಉಗುರು ಆಡ್ಸಿದ್ರೆ ಸಣ್ಣ ಸಣ್ಣ ಗೆರೆ ಸಿಗುತ್ತೆ, ಕೇಳಿ, ಜರ್ ಜರ್. ಗೇರ್ ಹಾಕುವಾಗ ಈ ಉಂಗುರ ಗೇರಿನ ಕೋನ್ ಮೇಲೆ ಒತ್ತಿ, ಉಜ್ಜಿ, ಬ್ರೇಕಿನ ಥರ ವೇಗ ಸರಿ ಮಾಡುತ್ತೆ. ಆಮೇಲೇ ಹಲ್ಲಿಗೆ ಹಲ್ಲು ಕೂರೋದು. ಮಧ್ಯೆ ಇರೋ ಆಯಿಲನ್ನ ಸೀಳಿ ಆಚೆ ತಳ್ಳೋದು ಆ ಗೆರೆಗಳ ಕೆಲಸ. ಜೋನಿ ಬೆಲ್ಲ ತುಂಬಿದ್ರೆ ಎಲ್ಲಿಂದ ತಳ್ಳುತ್ತೆ? ಗಾಡಿಯಲ್ಲಿ ಬೇರೆ ಕಡೆ ಆಯಿಲ್ ಹಾಕೋದು ಜಾರಲಿ ಅಂತ, ಈ ಉಂಗುರ ಮಾತ್ರ ಜಾರಬಾರದು.

ಇದು ನಂಗೆ ಆಗ ಗೊತ್ತಿರಲಿಲ್ಲ. 140 ಇಳಿಸಿ ಅಂಗಡಿಗೆ ಹೋದೆ. ಒಂದು ಡಬ್ಬದ ಮೇಲೆ ಜಿಎಲ್-4, ಇನ್ನೊಂದರ ಮೇಲೆ ಜಿಎಲ್-5, ಗೇರ್ ಆಯಿಲ್ ದರ್ಜೆ ಅದು. ನಾಲ್ಕಕ್ಕಿಂತ ಐದು ದೊಡ್ಡದಲ್ವಾ, ತಗೊಂಡೆ. ಬೆಳಗಿನ ಬಿಗಿ ಹೋಯ್ತು. ಆದ್ರೆ ಎಂಜಿನ್ ಬಿಸಿಯಾದ್ಮೇಲೂ ಕರ್ರ್ ಶುರುವಾಯ್ತು, ಮೊದಲು ಅದೊಂದು ಇರಲಿಲ್ಲ!

ಜಿಎಲ್-5 ಕೆಟ್ಟ ಆಯಿಲ್ ಅಲ್ಲ, ಅದರ ಜಾಗ ಬೇರೆ. ಓಮ್ನಿ, ಅಂಬಾಸಿಡರ್ ಥರ ಹಿಂದಿನ ಚಕ್ರ ಎಳೆಯೋ ಗಾಡಿಗಳ, ಎರಡೂ ಚಕ್ರಕ್ಕೆ ಬಲ ಹಂಚೋ ಡಿಫರೆನ್ಷಿಯಲ್‌ನಲ್ಲಿ ಹೈಪಾಯ್ಡ್ ಗೇರ್ ಇರುತ್ತೆ. ಅಲ್ಲಿ ಹಲ್ಲುಗಳು ಭಾರ ಹೊತ್ಕೊಂಡು ಒಂದರ ಮೇಲೊಂದು ಜಾರ್ತವೆ. ಅದಕ್ಕಂತಲೇ ಜಿಎಲ್-5ರಲ್ಲಿ ಗಂಧಕ, ರಂಜಕ ಇರೋ ಅಡಿಟಿವ್ ಜಿಎಲ್-4ರ ಹೆಚ್ಚುಕಮ್ಮಿ ಎರಡರಷ್ಟು ಹಾಕಿರ್ತಾರೆ. ಆ ವಾಸನೆ ಒಂದ್ಸಲ ಬಟ್ಟೆಗೆ ಹತ್ತಿದ್ರೆ ಬಟ್ಟೆ ಒಗೆಯೋಕಲ್ಲ, ಒಲೆಗೇ. ನಮ್ಮ 800 ಮುಂದಿನ ಚಕ್ರದ್ದು. ಡಿಫರೆನ್ಷಿಯಲ್ಲೂ ಗೇರ್ ಬಾಕ್ಸ್ ಒಳಗೇ ಇದೆ, ಹೈಪಾಯ್ಡ್ ಇಲ್ಲವೇ ಇಲ್ಲ. ಜಿಎಲ್-5 ಹಿತ್ತಾಳೆನ ತಿಂದೇ ಬಿಡುತ್ತೆ ಅಂತಾರೆ. ಹಳೇ ಕಾಲದ ಆಯಿಲ್‌ಗಳ ಬಗ್ಗೆ ಆ ಮಾತು ಸರಿ, ಈಗಿನವು ಬಹಳಷ್ಟು ಸಾಧು. ನನ್ನ ತಕರಾರು ತಿನ್ನೋದರ ಬಗ್ಗೆ ಅಲ್ಲ. ಉಂಗುರ ಹಿಡಿಯಬೇಕಾದ ಕಡೆ ಜಾರುತ್ತೆ, ಅದು.

ಅಂತೂ ಜಿಎಲ್-4, 75ಡಬ್ಲ್ಯು-90 ತಂದೆ. 90 ಅಂದ ತಕ್ಷಣ ಎಂಜಿನ್ ಆಯಿಲ್ ಡಬ್ಬದ ಮೇಲಿರೋ 40ರ ಎರಡರಷ್ಟು ದಪ್ಪ ಅಂದ್ಕೋಬೇಡಿ, ಅಳತೆಯ ಪಟ್ಟಿನೇ ಬೇರೆ. ಬಿಸಿಯಾದಾಗ ಇದು ಎಂಜಿನ್ ಆಯಿಲ್‌ನ 40-50ರ ಆಸುಪಾಸೇ.

ಬದಲಾಯಿಸುವಾಗ ಮೊದಲು ಬಿಚ್ಚಬೇಕಾದ್ದು ಗೇರ್ ಬಾಕ್ಸಿನ ಮೇಲಿನ ಪ್ಲಗ್ಗು, ಆಯಿಲ್ ತುಂಬೋದು. ಕೆಳಗಿಂದ ಎಲ್ಲ ಇಳಿಸಿಬಿಟ್ಟು, ಆಮೇಲೆ ಮೇಲಿಂದು ತುಕ್ಕು ಹಿಡಿದು ಕೂತಿದೆ ಅಂದ್ರೆ ಗಾಡಿ ಅಲ್ಲೇ ಬಾಕಿ. ಲೀಟರ್ ಲೆಕ್ಕ ಬೇಡ, ಮೇಲಿನ ತೂತಿಂದ ಆಯಿಲ್ ತೊಟ್ಟಿಕ್ಕೋವರೆಗೆ ತುಂಬೋದು. ಅದಕ್ಕೆ ಗಾಡಿ ಮಟ್ಟವಾಗಿ ನಿಂತಿರಬೇಕು. ನಮ್ಮನೇಲಿ ಮಟ್ಟವಾದ ಜಾಗ ಅಂದ್ರೆ ಅಡಿಕೆ ಒಣಗ್ಸೋ ಅಂಗಳ ಒಂದೇ. ಅಲ್ಲಿ ಗಾಡಿ ನಿಲ್ಲಿಸೋಕೆ ಅಮ್ಮನ್ನ ಒಪ್ಪಿಸೋದರೊಳಗೆ ಹತ್ತು ಗಂಟೆ.

ಇಳಿದ ಆಯಿಲ್ ಮೇಲೆ ಟಾರ್ಚ್ ಬಿಡ್ತೀನಿ. ಮಿಣಮಿಣ ಕಾಣ್ತಿದೆಯಲ್ಲ, ಚಿನ್ನದ ಪುಡಿ ಥರ? ಅಯಸ್ಕಾಂತಕ್ಕೆ ಅಂಟಿರೋ ಬೂದು ಲೇಪ ಕಬ್ಬಿಣದ್ದು, ಈ ವಯಸ್ಸಿಗೆ ಅಷ್ಟಿದ್ದೇ ಇರುತ್ತೆ. ಚಿನ್ನದ್ದು ಅಯಸ್ಕಾಂತಕ್ಕೆ ಸಿಕ್ಕಲ್ಲ, ಅದು ಹಿತ್ತಾಳೆ, ನಮ್ಮ ಉಂಗುರದ್ದೇ. ಸವೆದಿದ್ದನ್ನ ಯಾವ ಆಯಿಲೂ ವಾಪಸ್ ತರಲ್ಲ. ಅವಸರ ಮಾಡಿದ್ರೆ ಈಗ್ಲೂ ಕರ್ರ್ ಅನ್ನುತ್ತೆ, ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು ಹಾಕಿದ್ರೆ ಇಲ್ಲ.

ಮಾರನೇ ದಿನ ಬೆಳಿಗ್ಗೆ ಅಪ್ಪ ಪೇಟೆಗೆ ಹೊರಟ್ರು. ನಾನು ಗೇಟಿನ ಹತ್ರ ಕಿವಿಕೊಟ್ಟು ನಿಂತಿದ್ದೆ. ಫಸ್ಟು... ಸೆಕೆಂಡು... ಸದ್ದಿಲ್ಲ. ವಾಪಸ್ ಬಂದು ಕೀ ಮೊಳೆಗೆ ತಗುಲಿಸ್ತಾ ಕೇಳಿದ್ರು, “ಕ್ಲಚ್ ಸರಿ ಮಾಡ್ಸಿದ್ಯನಾ?”

ಹೂಂ ಅಂದೆ.